ಕಲ್ಲು ಹೇಳಿದ್ದು, ನಾನು ಸೇರಿಸಿದ್ದು

ಉಳವಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾ ಅಭ್ಯಾಸ ನಡೆಯಿತು. ವಿಷಯ ಸಮಾಜ ವಿಜ್ಞಾನ, ಎಂಟನೆಯ ತರಗತಿ, ಪಾಠ ಕಲ್ಯಾಣದ ಚಾಲುಕ್ಯರು. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಆ ಕಾಲದ ಕೇದಾರೇಶ್ವರ ಗುಡಿ ಇರುವುದರಿಂದ, ಪಾಠವನ್ನು ಅಲ್ಲಿಂದಲೇ ಆರಂಭಿಸೋಣವೆಂದು ಯೋಜನೆ ಬರೆದೆ. ಸ್ಥಳೀಯ ಪರಿಸರದಿಂದ ಕಲಿಕೆ ಶುರುವಾಗಬೇಕು ಎಂದು ಕಾಲೇಜಿನಲ್ಲಿ ಎಷ್ಟು ಸಲ ಕೇಳಿದ್ದೆವು!

ರಾತ್ರಿ ಕೂತು ದೊಡ್ಡ ಚಾರ್ಟ್ ಸಿದ್ಧಪಡಿಸಿದೆ. ನಡುವೆ ಗುಡಿಯ ಚಿತ್ರ, ಕೆಳಗೆ ಕೆಂಪು ಶಾಯಿಯಲ್ಲಿ ದಪ್ಪಕ್ಷರ: ‘ಕೋಡಿಯ ಮಠ: ಜಾತಿ, ಮತ, ಲಿಂಗ ಭೇದವಿಲ್ಲದೆ ಎಲ್ಲರಿಗೂ ವಿದ್ಯೆ ನೀಡಿದ ವಿಶ್ವವಿದ್ಯಾಲಯ’. ಕೇದಾರೇಶ್ವರ ಗುಡಿಗೆ ಸೇರಿದಂತೆ ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಆದರೆ ಈ ವಾಕ್ಯ ಎಲ್ಲಿಂದ ಬಂತು? ಅರ್ಧ ಯಾವುದೋ ಗೈಡಿನಿಂದ, ಉಳಿದರ್ಧ ನನ್ನ ಉತ್ಸಾಹದಿಂದ. ತರಗತಿ ಚೆನ್ನಾಗಿಯೇ ನಡೆಯಿತು. ‘ಕೋಡಿ ಎಂದರೇನು?’ ಎಂದು ಪೀಠಿಕೆಯ ಪ್ರಶ್ನೆ ಕೇಳಿದಾಗ ಇಡೀ ತರಗತಿ ಕೈ ಎತ್ತಿತು. ಕೆರೆಗಳ ನಡುವೆ ಬೆಳೆದ ಮಕ್ಕಳು. ಮಳೆಗಾಲದಲ್ಲಿ ಕೋಡಿ ಬೀಳುವುದನ್ನು ಅವರಿಗೆ ನಾನು ವಿವರಿಸಬೇಕಿರಲಿಲ್ಲ.

ಪಾಠ ಮುಗಿದ ಮೇಲೆ ಮಾರ್ಗದರ್ಶಕರು ವೀಕ್ಷಣಾ ಪುಸ್ತಕ ಕೊಟ್ಟರು. ಧ್ವನಿ, ಕಪ್ಪುಹಲಗೆಯ ಬಳಕೆ, ಸಮಯ ಪಾಲನೆ ಎಲ್ಲದಕ್ಕೂ ಒಳ್ಳೆಯ ಮಾತು. ಬೋಧನೋಪಕರಣದ ಅಂಕಣದಲ್ಲಿ ಮಾತ್ರ ಒಂದೇ ಪದ: ‘ಆಧಾರ?’

ಆ ಪ್ರಶ್ನಾರ್ಥಕ ಚಿಹ್ನೆ ನನ್ನನ್ನು ಕಾಲೇಜಿನ ಗ್ರಂಥಾಲಯಕ್ಕೆ ಕಳಿಸಿತು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದರು, ಸೊರಬದ ಶಾಸನಗಳು ಎಂಟನೆಯ ಸಂಪುಟದಲ್ಲಿ, 1904ರಲ್ಲಿ ಬಂದವು. ನಾನು ಹುಡುಕುತ್ತಿದ್ದ ಮಠದ ವರ್ಣನೆ 1162ರ ಶಾಸನದಲ್ಲಿತ್ತು. ಕಲಚೂರಿ ಬಿಜ್ಜಳ ದಕ್ಷಿಣದ ಸೀಮೆಯನ್ನು ಹತೋಟಿಗೆ ತರಲು ಬಳ್ಳಿಗಾವಿಗೆ ಬಂದಿದ್ದಾಗ, ಅಧಿಕಾರಿ ಕಸಪಯ್ಯ ನಾಯಕನ ಬಿನ್ನಹದ ಮೇರೆಗೆ ಮಠದ ಗುರು ವಾಮಶಕ್ತಿಗೆ ಕೊಟ್ಟ ದಾನ ಅದು. ಕೇದಾರಶಕ್ತಿಯಿಂದ ಮೊದಲಾಗಿ ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ ಎಂದು ಆ ಮಠದ ಗುರುಪರಂಪರೆ ಬಳ್ಳಿಗಾವಿಯ ಶಾಸನಗಳಲ್ಲಿ ಸಿಗುತ್ತದೆ.

ಓದುತ್ತ ಹೋದಂತೆ ನನ್ನ ಚಾರ್ಟು ಎಷ್ಟು ಬಡವಾಗಿತ್ತೆಂದು ತಿಳಿಯಿತು. ಶಾಸನ ಸುಮ್ಮನೆ ‘ವಿದ್ಯೆ’ ಎನ್ನುವುದಿಲ್ಲ, ಎಣಿಸಿ ಹೇಳುತ್ತದೆ. ನಾಲ್ಕು ವೇದಗಳು, ಅವುಗಳ ಅಂಗಗಳು. ಪಾಣಿನಿ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಜೊತೆಗೆ ಬೌದ್ಧ ದರ್ಶನ. ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಶೈವ ಮಠದಲ್ಲಿ ಬೌದ್ಧ ದರ್ಶನ ಓದುತ್ತಿದ್ದರೆಂಬ ಒಂದು ಸಂಗತಿಯೇ ಒಂದು ತರಗತಿಗೆ ಸಾಕು.

ಇನ್ನೊಂದು ಪಟ್ಟಿ ಅನ್ನದ್ದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು. ನಗ್ನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ನಾನಾ ದೇಶಗಳಿಂದ ಬಂದ ಭಿಕ್ಷುಕರು. ಇವರಿಗೆಲ್ಲ ಮಠ ಅನ್ನ ಕೊಡುತ್ತಿತ್ತು. ಅನಾಥ ರೋಗಿಗಳಿಗೆ ಮದ್ದು ಕೊಡುತ್ತಿತ್ತು. ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಾನ ಎಂದು ಶಾಸನ ಅದನ್ನು ಕರೆಯುತ್ತದೆ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮಕ್ಕಳನ್ನು ಒಂದು ದಿನ ಬಳ್ಳಿಗಾವಿಗೆ ಕರೆದೊಯ್ದೆವು. ಸೊರಬ ದಾಟಿ ಶಿರಾಳಕೊಪ್ಪದ ದಾರಿ. ಈ ಸಲ ನಾನು ಹೆಚ್ಚು ಮಾತಾಡಬಾರದೆಂದು ನಿಶ್ಚಯಿಸಿದ್ದೆ. ಐದು ಗುಂಪು, ಪ್ರತಿ ಗುಂಪಿಗೂ ಒಂದು ಕೆಲಸ. ಒಂದು ಗುಂಪು ಗರ್ಭಗುಡಿಗಳನ್ನು ಎಣಿಸಿ ಮೂರು ಎಂದು ಬರೆದುಕೊಂಡಿತು: ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ‘ಶಿವನ ಗುಡೀಲಿ ವಿಷ್ಣು ಯಾಕೆ ಸಾರ್?’ ಎಂಬ ಪ್ರಶ್ನೆ ತಾನಾಗಿ ಹುಟ್ಟಿತು. ಇನ್ನೊಂದು ಗುಂಪು ಶಿಖರದ ಬಳಿ ಸಿಂಹದೊಡನೆ ಹೋರಾಡುವ ಹೊಯ್ಸಳ ಲಾಂಛನವನ್ನು ಕಂಡು, ಚಾಲುಕ್ಯರ ಗುಡಿಯಲ್ಲಿ ಇದೆಲ್ಲಿಂದ ಬಂತೆಂದು ವಾದಕ್ಕಿಳಿಯಿತು. ಶಾಸನದ ಗುಂಪಿನ ಹುಡುಗನೊಬ್ಬ ಅಕ್ಷರದ ಮೇಲೆ ಬೆರಳಿಟ್ಟು, ‘ಸಾರ್, ಇದು ನಮ್ಮ ಕನ್ನಡದ ರ’ ಎಂದು ಕೂಗಿದ. ಇಂಥ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನೇಕೆ ಕೊರೆಯುತ್ತಾರೆಂದು ಕೇಳಿದೆ. ‘ಅವು ಇರೋವರೆಗೂ ದಾನ ಇರ್ಲಿ ಅಂತ’ ಎಂದಳು ಒಬ್ಬಳು. ಅವಳ ಊರಿನ ವೀರಗಲ್ಲಿನ ಬಗ್ಗೆ ಅಜ್ಜ ಹಾಗೆ ಹೇಳಿದ್ದರಂತೆ.

ಊಟದ ಡಬ್ಬಿ ಬಿಚ್ಚುವ ಮೊದಲು ಎಲ್ಲರನ್ನೂ ನೆರಳಿನಲ್ಲಿ ಕೂರಿಸಿ, ಶಾಸನದ ಎರಡೂ ಪಟ್ಟಿಗಳನ್ನು ಸರಳ ಕನ್ನಡದಲ್ಲಿ ಓದಿದೆ. ಅನ್ನದ ಪಟ್ಟಿ ಮಕ್ಕಳಿಗೆ ಬಹಳ ಹಿಡಿಸಿತು. ‘ನಮ್ಮ ಬಿಸಿಯೂಟದ ಹಾಗೆ’ ಎಂದು ಯಾರೋ ಅಂದರು. ಆಗ ಹಿಂದಿನ ಸಾಲಿನಲ್ಲಿ, ಅದುವರೆಗೆ ಒಂದು ದಿನವೂ ತಾನಾಗಿ ಬಾಯಿ ತೆರೆಯದ ಹುಡುಗಿ ಎದ್ದು ನಿಂತಳು.

‘ಸಾರ್, ಊಟ ಯಾರ್ಯಾರಿಗೆ ಅಂತ ಅಷ್ಟುದ್ದ ಬರ್ದಿದಾರೆ. ಪಾಠ ಯಾರಿಗೆ ಅಂತ ಬರ್ದಿದಾರಾ? ನಮ್ಮಂಥೋರನ್ನ ಒಳಗೆ ಕೂರಿಸ್ಕೊಳ್ತಿದ್ರಾ?’

‘ನಮ್ಮಂಥೋರು’ ಎಂದರೆ ಹುಡುಗಿಯರೋ, ಅವಳ ಕೇರಿಯವರೋ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ನನ್ನ ಚಾರ್ಟಿನ ಕೆಂಪಕ್ಷರ ಕಣ್ಣೆದುರು ಬಂತು. ಅದನ್ನೇ ಮತ್ತೆ ಹೇಳಿದ್ದರೆ ಹುಡುಗಿ ಸಂತೋಷದಿಂದ ಕೂರುತ್ತಿದ್ದಳು, ನನ್ನ ಪಾಠವೂ ಸುಂದರವಾಗಿ ಮುಗಿಯುತ್ತಿತ್ತು. ಆದರೆ ಕಲ್ಲು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿತ್ತು.

‘ಬ್ರಹ್ಮಚರ್ಯ ಹಿಡಿದ ಶೈವ ತಪಸ್ವಿಗಳ ಅನುಷ್ಠಾನದ ಜಾಗ ಅಂತ ಬರೆದಿದೆ. ಎಲ್ಲರಿಗೂ ಪಾಠ ಅಂತ ಬರೆದಿಲ್ಲ. ತರಗತಿಯಲ್ಲಿ ನಾನು ಹಾಗೆ ಹೇಳಿದ್ದು ತಪ್ಪು’ ಎಂದೆ.

ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾದರು. ಮೇಷ್ಟ್ರು ತಪ್ಪೊಪ್ಪಿಕೊಂಡದ್ದು ಅವರಿಗೆ ಹೊಸದಾಗಿರಬೇಕು. ಆಮೇಲೆ ಮಾತು ಶುರುವಾಯಿತು. ಅನ್ನ ಎಲ್ಲರಿಗೂ ಕೊಟ್ಟವರು ಪಾಠದ ವಿಷಯದಲ್ಲಿ ಯಾಕೆ ಹಾಗೆ ಬರೆಯಲಿಲ್ಲ? ದಾನ ಕೊಡುವವನು ಬರೆಸಿದ ಕಲ್ಲು ಒಳ್ಳೆಯದನ್ನಷ್ಟೇ ಹೇಳುತ್ತದೆಯೇ? ಶಾಸನ ಒಂದು ಆಧಾರ, ಅದಕ್ಕೂ ಒಬ್ಬ ಬರೆಸಿದವನಿದ್ದಾನೆ ಎಂಬ ಮಾತು ನನ್ನ ಪಾಠಯೋಜನೆಯ ಯಾವ ಉದ್ದೇಶದಲ್ಲೂ ಇರಲಿಲ್ಲ. ಅಂದು ಆ ನೆರಳಿನಲ್ಲಿ ಕಲಿತದ್ದು ಮುಖ್ಯವಾಗಿ ಅದನ್ನೇ.

ಮರುವಾರ ತರಗತಿಗೆ ಇನ್ನೊಂದು ಶಾಸನದ ಸಂಗತಿ ಒಯ್ದೆ. ಇದೇ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯದು, ರಾಷ್ಟ್ರಕೂಟರ ಕಾಲದ್ದು. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ಆ ಅಧಿಕಾರ ವಹಿಸಿಕೊಂಡು ಸಮರ್ಥವಾಗಿ ನಡೆಸಿದಳು. ಕೊನೆಗೆ ಬಂದಳಿಕೆಯಲ್ಲಿ ಜೈನ ವ್ರತ ಹಿಡಿದು ದೇಹ ಬಿಟ್ಟಳು. ಹಿಂದಿನ ಸಾಲಿನ ಹುಡುಗಿ ಹೆಸರನ್ನು ಬರೆದುಕೊಂಡಳು. ಬರೆದು ತಲೆಯೆತ್ತಿ, ‘ಇದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ ಅಲ್ವಾ ಸಾರ್?’ ಎಂದಳು. ಅಲ್ಲ ಎಂದೆ. ಅವಳು ನಕ್ಕಳು.

ನಮ್ಮಲ್ಲಿ ಬಹುಪಾಲು ಪ್ರಶಿಕ್ಷಣಾರ್ಥಿಗಳು ಊರಿನ ಗುಡಿಯ ಬಗ್ಗೆ ಪಾಠ ಮಾಡುವಾಗ ಇತಿಹಾಸಕ್ಕೆ ಸ್ವಲ್ಪ ಸಕ್ಕರೆ ಬೆರೆಸುತ್ತೇವೆ. ಅಭಿಮಾನ ಬೆಳೆಯಲಿ ಎಂಬುದು ನಮ್ಮ ಆಸೆ, ಕೆಟ್ಟ ಉದ್ದೇಶವೇನಿಲ್ಲ. ಆದರೆ ‘ಎಲ್ಲರಿಗೂ’ ಎಂದು ನಾವು ಸೇರಿಸಿದಾಗ, ಒಳಗೆ ಬಿಟ್ಟುಕೊಳ್ಳದವರ ಕಥೆಯನ್ನು ಅವರ ಮೊಮ್ಮಕ್ಕಳ ಎದುರೇ ಅಳಿಸಿಬಿಡುತ್ತೇವೆ. ಬಳ್ಳಿಗಾವಿಯ ಹಿರಿಮೆಗೆ ನನ್ನ ಸಕ್ಕರೆ ಬೇಕಿರಲಿಲ್ಲ. ಕುರುಡರಿಗೆ ಅನ್ನ, ರೋಗಿಗೆ ಮದ್ದು, ಶೈವರ ಮನೆಯಲ್ಲಿ ಬೌದ್ಧ ದರ್ಶನ: ಇಷ್ಟು ಸಾಲದೇ?

ಚಾರ್ಟನ್ನು ಎಸೆಯಲಿಲ್ಲ. ‘ಎಲ್ಲರಿಗೂ ವಿದ್ಯೆ’ ಎಂಬುದರ ಮೇಲೆ ಗೆರೆ ಎಳೆದು, ಹಳೆಯ ಅಕ್ಷರ ಕಾಣುವಂತೆಯೇ ಬಿಟ್ಟು, ಕೆಳಗೆ ಬರೆದೆ: ‘ಅನ್ನ ಯಾರಿಗೆ? ಶಾಸನ ಹೇಳುತ್ತದೆ. ಪಾಠ ಯಾರಿಗೆ? ಚರ್ಚಿಸಿ.’ ಅಂತಿಮ ಪಾಠದ ದಿನ ಅದೇ ಚಾರ್ಟನ್ನು ಗೋಡೆಗೆ ಹಾಕಿದೆ. ಮಾರ್ಗದರ್ಶಕರು ಅದನ್ನು ನೋಡಿದರು. ವೀಕ್ಷಣಾ ಪುಸ್ತಕದ ಆ ಅಂಕಣದಲ್ಲಿ ಈ ಬಾರಿ ಏನನ್ನೂ ಕೇಳಲಿಲ್ಲ.