ನಲವತ್ತು ಕುದುರೆಗಳ ಎರಡು ಗಾಡಿಗಳು

ಮನುಷ್ಯನು ಕುದುರೆಯನ್ನು ಗಾಡಿಯ ಮೂಕಿಯಿಂದ ಬಿಡಿಸಿ ಕಳುಹಿಸಿ ಬಹುಕಾಲವಾಯಿತು. ಅದರ ಹೆಸರನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಹೊಸ ಕಾರನ್ನು ಕೊಳ್ಳಹೊರಟ ಗೃಹಸ್ಥನು ಬೆಲೆಯನ್ನೂ ಬಣ್ಣವನ್ನೂ ವಿಚಾರಿಸಿದ ಮೇಲೆ, ಅದಕ್ಕೆ ಎಷ್ಟು ಅಶ್ವಶಕ್ತಿಯೆಂದು ಕೇಳದೆ ಬಿಡುವುದಿಲ್ಲ. ಉತ್ತರವಾಗಿ ಬಂದ ಅಂಕಿಯನ್ನು, ಮಗನು ಪರೀಕ್ಷೆಯಲ್ಲಿ ಪಡೆದ ಅಂಕದಂತೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾನೆ. ಆದರೆ ಸಮಾನ ಅಂಕ ಪಡೆದ ಇಬ್ಬರು ಹುಡುಗರು ಸಮಾನ ಬುದ್ಧಿವಂತರೆಂದು ಯಾವ ಉಪಾಧ್ಯಾಯನೂ ಪ್ರಮಾಣ ಮಾಡಲಾರ. ಸಮಾನ ಅಶ್ವಶಕ್ತಿಯ ಕಾರುಗಳ ವಿಷಯವೂ ಹಾಗೆಯೇ.

ಈ ಅಳತೆಯನ್ನು ರೂಢಿಗೆ ತಂದವನು ಜೇಮ್ಸ್ ವಾಟ್. ಹದಿನೆಂಟನೆಯ ಶತಮಾನದಲ್ಲಿ ಉಗಿಯಂತ್ರಗಳನ್ನು ಮಾರಬೇಕಾಗಿದ್ದ ಅವನು, ಗಿರಾಕಿಗಳಿಗೆ ಪರಿಚಿತವಾಗಿದ್ದ ಕುದುರೆಯ ಲೆಕ್ಕದಲ್ಲಿಯೇ ಯಂತ್ರದ ಸಾಮರ್ಥ್ಯವನ್ನು ತಿಳಿಸಿದ. 33,000 ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತಿದರೆ ಅದು ಒಂದು ಅಶ್ವಶಕ್ತಿ. ಈ ಲೆಕ್ಕದಲ್ಲಿ ಭಾರವುಂಟು, ದೂರವುಂಟು, ಕಾಲವುಂಟು. ಗಾಡಿಯೊಳಗೆ ಕುಳಿತವನ ಅನುಭವಕ್ಕೆ ಸ್ಥಾನವಿಲ್ಲ.

ಮೈಸೂರಿನ ಒಂದು ಬಡಾವಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬಹಳ ವರ್ಷ ಪ್ರೀಮಿಯರ್ ಪದ್ಮಿನಿಯ ಒಡೆಯರಾಗಿದ್ದರು. ಮುಂಬಯಿಯ ಕುರ್ಲಾದಲ್ಲಿ ಫಿಯಟ್ ಕಾರಿನ ಮಾದರಿಯಲ್ಲಿ ತಯಾರಾಗುತ್ತಿದ್ದ ಆ ಗಾಡಿಗೆ ಸುಮಾರು ನಲವತ್ತು ಅಶ್ವಶಕ್ತಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದಿತು. ಕೆಲವು ವರ್ಷಗಳಲ್ಲಿ ಪಕ್ಕದ ಮನೆಗೂ ಒಂದು ಬಂದಿತು. ಅದರ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬೀದಿಯ ತಿರುವಿನಿಂದ ಎರಡೂ ಒಟ್ಟಿಗೆ ಹೊರಟರೆ, ಪದ್ಮಿನಿಯು ಗೇರು ಬದಲಾಯಿಸಿ ನಿಟ್ಟುಸಿರು ಬಿಡುವ ಹೊತ್ತಿಗೆ ಮಾರುತಿಯು ಮುಂದಿನ ತಿರುವನ್ನು ದಾಟಿರುತ್ತಿತ್ತು. ಅದು ಮೋಸವೆಂದೇ ಮೇಷ್ಟ್ರ ಖಚಿತಾಭಿಪ್ರಾಯ.

ಮೋಸವೇನೂ ಇರಲಿಲ್ಲ. ಪದ್ಮಿನಿಯ ತೂಕ ಸುಮಾರು 900 ಕಿಲೋ, ಮಾರುತಿಯದು ಸುಮಾರು 650. ಒಂದು ಕಡೆ ಪ್ರತಿಯೊಂದು ಕುದುರೆಯೂ ಇಪ್ಪತ್ತೆರಡು ಕಿಲೋಗೂ ಹೆಚ್ಚು ಭಾರ ಎಳೆಯಬೇಕು. ಇನ್ನೊಂದು ಕಡೆ ಹದಿನಾರು ಕಿಲೋ ಎಳೆದರೆ ಸಾಕು. ಆದರೆ ಹಗುರವಾದ ಗಾಡಿಗೆ ಹಗುರದ ಕಷ್ಟವೂ ಉಂಟು. ನೆಂಟರಿಷ್ಟರು ನಾಲ್ವರು ಹತ್ತಿ ಕುಳಿತರೆ ಮಾರುತಿಯ ಭಾರ ಶೇಕಡ ನಲವತ್ತರಷ್ಟು ಏರುತ್ತದೆ. ಪದ್ಮಿನಿಯದು ಶೇಕಡ ಮೂವತ್ತನ್ನೂ ಮುಟ್ಟುವುದಿಲ್ಲ. ಬೀದಿಯಲ್ಲಿ ಜಿಂಕೆಯಂತೆ ನೆಗೆದ ಗಾಡಿಯು ತುಂಬು ಸಂಸಾರದೊಡನೆ ಆಗುಂಬೆಯ ಏರನ್ನು ಹತ್ತುವಾಗ ಮುಖ ಸಣ್ಣದು ಮಾಡಿಕೊಳ್ಳುವುದು ಇದರಿಂದಲೇ.

ಇನ್ನೊಂದು ಸಂಗತಿ. ಮಾರಾಟದ ಪತ್ರಿಕೆಯಲ್ಲಿ ಅಚ್ಚಾಗುವುದು ಎಂಜಿನ್ನಿನ ಪರಮಾವಧಿ ಶಕ್ತಿ. ಅನೇಕ ಪೆಟ್ರೋಲ್ ಎಂಜಿನ್ನುಗಳು ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗಿದ ಮೇಲಲ್ಲದೆ ಅಷ್ಟನ್ನು ಕೊಡಲಾರವು. ಪೇಟೆಯ ಬೀದಿಯಲ್ಲಿ ಅಷ್ಟು ವೇಗವಾಗಿ ಎಂಜಿನ್ನನ್ನು ಕೂಗಿಸುವವರು ಯಾರು? ಅಲ್ಲಿ ಬೇಕಾದದ್ದು ಕಡಮೆ ಸುತ್ತಿನಲ್ಲಿಯೇ ಚಕ್ರವನ್ನು ತಿರುಗಿಸುವ ಬಲ. ಡೀಸೆಲ್ ಎಂಜಿನ್ನಿಗೆ ಅದು ಬೇಗ ಒದಗುತ್ತದೆ. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಒದಗುತ್ತದೆ. ಗೇರಿನ ಹಲ್ಲುಗಳ ಲೆಕ್ಕಾಚಾರವೂ ಸೇರಿತೆಂದರೆ, ಒಂದೇ ಶಕ್ತಿಯ ಎರಡು ಕಾರುಗಳಲ್ಲಿ ಒಂದು ಚುರುಕೆಂದೂ ಇನ್ನೊಂದು ಸೋಮಾರಿಯೆಂದೂ ಹೆಸರು ಪಡೆಯುವುದು ಆಶ್ಚರ್ಯವಲ್ಲ.

ಇವೆಲ್ಲವೂ ಯಂತ್ರದ ಗುಣಗಳು. ಮನುಷ್ಯನ ದೇಹದ ಗುಣ ಇನ್ನೂ ವಿಚಿತ್ರ. ಅವನ ಒಳಗಿವಿಯು ವೇಗದ ಬದಲಾವಣೆಯನ್ನು ತಿಳಿಯಬಲ್ಲದೇ ಹೊರತು ಒಂದೇ ಸಮನಾದ ವೇಗವನ್ನು ತಿಳಿಯಲಾರದು. ಉಳಿದದ್ದನ್ನು ಕಣ್ಣೂ ಕಿವಿಯೂ ಊಹಿಸಿಕೊಳ್ಳಬೇಕು. ಆಸನ ನೆಲಕ್ಕೆ ಸಮೀಪವಾಗಿದ್ದು, ರಸ್ತೆಯಂಚಿನ ಮರಗಳು ಸರ್ರನೆ ಹಿಂದೆ ಸರಿದು, ಬಾಗಿಲುಗಳು ಗಡಗಡನೆ ನಡುಗಿದರೆ ಐವತ್ತೂ ಎಂಬತ್ತಾಗಿ ತೋರುತ್ತದೆ. ಆಸನ ಎತ್ತರವಾಗಿ, ರಸ್ತೆ ವಿಶಾಲವಾಗಿ, ಗಾಜುಗಳು ಭದ್ರವಾಗಿ ಮುಚ್ಚಿಕೊಂಡಿದ್ದರೆ ನೂರೂ ಅರವತ್ತಾಗಿ ತೋರುತ್ತದೆ. ಹಳೆಯ ಗಾಡಿಯು ನಿಧಾನವಾಗಿ ಓಡಿ ಭಯ ಹುಟ್ಟಿಸುತ್ತಿತ್ತು. ಹೊಸದು ವೇಗವಾಗಿ ಓಡಿ ನಿದ್ರೆ ತರಿಸುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಮೇಷ್ಟ್ರು ಅಳಿಯನ ಹೊಸ ಕಾರಿನಲ್ಲಿ ಬೆಂಗಳೂರಿಗೆ ಹೊರಟರು. ಹಿಂದಿನ ಆಸನದಲ್ಲಿ ಅವರ ಪತ್ನಿ, ಮಗಳು. ಅಜ್ಜಿಯ ತೊಡೆಯ ಮೇಲೆ ವರ್ಷದ ಮೊಮ್ಮಗು. ಮಗುವಿಗೆಂದು ತಂದ ಪಟ್ಟಿಗಳ ಕುರ್ಚಿ ಡಿಕ್ಕಿಯಲ್ಲಿತ್ತು. ಕೂಸನ್ನು ಕಳ್ಳನಂತೆ ಕಟ್ಟಿಹಾಕುವುದು ಅಜ್ಜಿಗೆ ಸರಿಬಿದ್ದಿರಲಿಲ್ಲ.

“ಏನು ಅಳಿಯಂದಿರೆ, ಅರವತ್ತರಲ್ಲಿ ಹೋಗುತ್ತಿದ್ದೀರಾ? ನಮ್ಮ ಪದ್ಮಿನಿಯೇ ಇದಕ್ಕಿಂತ ಜೋರಾಗಿ ಓಡುತ್ತಿತ್ತು!” ಎಂದರು ಮೇಷ್ಟ್ರು.

“ನೂರರಲ್ಲಿದೆ, ಮಾವನವರೆ.”

ಮೇಷ್ಟ್ರು ಬಾಗಿ ಮುಳ್ಳನ್ನು ನೋಡಿದರು. ಕಲಿಸಿದ ಗಣಿತ ನೆನಪಾಗಿರಬೇಕು. ಎಪ್ಪತ್ತರಿಂದ ನೂರಕ್ಕೆ ಏರಿದರೆ ವೇಗ ಒಂದೂವರೆ ಪಟ್ಟೂ ಆಗುವುದಿಲ್ಲ. ಆದರೆ ಚಲನೆಯ ಶಕ್ತಿಯು ವೇಗದ ವರ್ಗದಂತೆ ಬೆಳೆಯುವುದರಿಂದ ಢಿಕ್ಕಿಯ ಪೆಟ್ಟು ಎರಡರಷ್ಟಾಗುತ್ತದೆ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವೂ ಎರಡರಷ್ಟು. ನೂರರಲ್ಲಿರುವ ಕಾರು ಎದುರಿನ ಯಾವುದಕ್ಕೋ ತಾಗಿ ಸೆಕೆಂಡಿನ ಏಳನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಹತ್ತು ಕಿಲೋ ತೂಗುವ ಮಗುವನ್ನು ಹಿಡಿಯಲು ಇನ್ನೂರು ಕಿಲೋ ಎತ್ತುವಷ್ಟು ಬಲ ಬೇಕು. ಯಾವ ಅಜ್ಜಿಯ ಪ್ರೀತಿಗೂ ಅಷ್ಟು ತೋಳ್ಬಲವಿರುವುದಿಲ್ಲ. ಮೇಷ್ಟ್ರು ಇದನ್ನು ಪಾಠ ಹೇಳುವ ದನಿಯಲ್ಲಿಯೇ ಹೇಳಿದರು. ಹಿಂದಿನಿಂದ ಮೊದಲು ಮಾತೇ ಬರಲಿಲ್ಲ. ಅನಂತರ, “ಆ ಕುರ್ಚಿ ಎಲ್ಲಿಟ್ಟಿದ್ದೀಯೆ?” ಎಂದು ಮಗಳನ್ನು ಕೇಳಿದ ದನಿ ಮಾತ್ರ ಕೇಳಿಸಿತು.

ಕುರ್ಚಿ ತೆಗೆಯಲೆಂದು ಹೆದ್ದಾರಿಯಿಂದ ಪಕ್ಕದ ರಸ್ತೆಗೆ ಇಳಿದಾಗ ಮತ್ತೊಂದು ಭ್ರಾಂತಿ ಕಾದಿತ್ತು. ಬಹಳ ಹೊತ್ತು ನೂರಕ್ಕೆ ಒಗ್ಗಿದ ಕಣ್ಣಿಗೆ ಐವತ್ತು ನಡಿಗೆಯಂತೆ ಕಾಣುತ್ತದೆ. ಆ ರಸ್ತೆಯಲ್ಲಾದರೋ ಶಾಲೆ ಬಿಟ್ಟ ಮಕ್ಕಳು, ಮೇವು ಹೊತ್ತ ಗಾಡಿ, ದಾಟಲು ನಿಂತ ಮುದುಕಿ. ಅವರ ಪಾಲಿಗೆ ಐವತ್ತು ಐವತ್ತೇ. ಅಳಿಯನು ಮುಳ್ಳನ್ನು ನೋಡಿಕೊಂಡು ಮೂವತ್ತಕ್ಕೆ ಇಳಿಸಿದ.

ವೇಗದ ವಿಚಾರದಲ್ಲಿ ದೇಹವು ನಂಬತಕ್ಕ ಸಾಕ್ಷಿಯಲ್ಲ; ಅಶ್ವಶಕ್ತಿಯ ಅಂಕಿಯು ಅರ್ಧ ಸಾಕ್ಷಿ. ನಿಜ ಹೇಳುವುದು ಸ್ಟೀರಿಂಗ್ ಚಕ್ರದ ಹಿಂದೆ ಕೂತಿರುವ ಆ ಸಣ್ಣ ಮುಳ್ಳು. ಲಾಯದಲ್ಲಿ ಎಷ್ಟು ಕುದುರೆಗಳಿವೆ ಎಂದು ವಿಚಾರಿಸುವವರು ಬೇಕಾದಷ್ಟು ಮಂದಿಯಿದ್ದಾರೆ. ಲಗಾಮಿನ ಮೇಲೆ ಕಣ್ಣಿಟ್ಟವನು ಒಬ್ಬನಿದ್ದರೆ ಸಾಕು, ಮನೆಯ ಮಂದಿ ಕ್ಷೇಮವಾಗಿ ಊರು ಸೇರುತ್ತಾರೆ.