ಹಲ್ಲು, ನುಡಿ ಮತ್ತು ಕಟ್ಟಿಸಿದ ಹಲ್ಲು

ವ್ಯಾಕರಣಪಾಠದ ಮೊದಲ ದಿನಗಳಲ್ಲಿಯೇ ವಿದ್ಯಾರ್ಥಿಗೆ ವರ್ಣಗಳ ಉತ್ಪತ್ತಿಸ್ಥಾನವನ್ನು ಹೇಳಿಕೊಡುವುದುಂಟು. ತ, ಥ, ದ, ಧ, ನ ಎಂಬಿವು ದಂತ್ಯಗಳು. ನಾಲಗೆಯ ತುದಿ ಮೇಲಿನ ಹಲ್ಲುಗಳನ್ನು ಮುಟ್ಟಿದಾಗ ಹುಟ್ಟತಕ್ಕವು. ವಕಾರಕ್ಕೆ ಹಲ್ಲು ತುಟಿಗಳೆರಡೂ ಬೇಕು. ಹಲ್ಲೆಂಬುದು ಅನ್ನಕ್ಕೆ ಮಾತ್ರವಲ್ಲ, ಅಕ್ಷರಕ್ಕೂ ಆಧಾರ. ಈ ಸೂತ್ರದ ಅರ್ಥ ಹಲ್ಲು ಬಿದ್ದವರಿಗೇ ಚೆನ್ನಾಗಿ ತಿಳಿಯುತ್ತದೆ.

ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ವಚನಗಳನ್ನು ಸೊಗಸಾಗಿ ಹಾಡುತ್ತಿದ್ದ ಹಿರಿಯರೊಬ್ಬರಿದ್ದರು. ಎಲೆಯಡಿಕೆ, ಹೊಗೆಸೊಪ್ಪುಗಳ ಅಭ್ಯಾಸದಿಂದ ಒಸಡು ಸಡಿಲಗೊಂಡು, ಅರವತ್ತು ದಾಟುವ ಹೊತ್ತಿಗೆ ಮುಂದಿನ ಹಲ್ಲುಗಳು ಉದುರಿಹೋದವು. ರಾಗಿಮುದ್ದೆಯನ್ನು ನುಂಗುವವರಿಗೆ ಹಲ್ಲಿನ ಹಂಗೇನು? ಊಟ ಹೇಗೋ ಸಾಗಿತು. ಆದರೆ 'ದೇವ' ಎಂಬ ಎರಡಕ್ಷರದ ಪದದಲ್ಲಿ ಎರಡು ಅಕ್ಷರಗಳೂ ಕೈಕೊಟ್ಟವು. ಮಕ್ಕಳು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ಅಂದಿನಿಂದ ಅವರು ಸೋಮವಾರದ ಭಜನೆಯಲ್ಲಿ ಹಿಂದೆ ಕುಳಿತು ತಾಳ ಮಾತ್ರ ಹಾಕತೊಡಗಿದರು. "ಹಲ್ಲು ಕಟ್ಟಿಸ್ಕೊಳ್ಳಿ ಅಪ್ಪಾಜಿ" ಎಂದು ಮಗ ಹೇಳಿದರೆ, "ಸಾಯೋ ಕಾಲ್ದಲ್ಲಿ ನಂಗ್ಯಾಕಪ್ಪ ಸಿಂಗಾರ?" ಎನ್ನುವರು.

ಅದು ಸಿಂಗಾರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಿನ ಮೇಲೆ ಕೃತಕದಂತಗಳನ್ನು ಕೂರಿಸುತ್ತಿದ್ದರು. 1930ರ ದಶಕದಿಂದ ಆ ಸ್ಥಾನಕ್ಕೆ ಅಕ್ರಿಲಿಕ್ ಬಂದಿತು. ಪುಡಿಗೆ ದ್ರವವನ್ನು ಬೆರೆಸಿ, ಅಚ್ಚಿನಲ್ಲಿ ತುಂಬಿ, ಬಿಸಿನೀರಿನಲ್ಲಿ ಕಾಯಿಸಿದರೆ ಅದು ಒಸಡಿನ ಬಣ್ಣದ ಗಟ್ಟಿವಸ್ತುವಾಗುತ್ತದೆ. ಪೂರ್ಣಪಂಕ್ತಿಯನ್ನು ಅಂಗುಳಿಗೆ ಹಿಡಿದಿಡುವುದರಲ್ಲಿ ತೆಳುವಾದ ಲಾಲಾರಸದ ಪಾತ್ರ ದೊಡ್ಡದು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1965ರಲ್ಲಿ ದವಡೆಯ ಎಲುಬಿಗೇ ಟೈಟೇನಿಯಂ ಬೇರನ್ನು ನೆಟ್ಟರು. ಎಲುಬು ಆ ಲೋಹವನ್ನು ತನ್ನದೆಂದೇ ಅಪ್ಪಿಕೊಂಡಿತು.

ಹುಳುಕು ಹಲ್ಲನ್ನು ತುಂಬುವ ದ್ರವ್ಯಗಳ ಚರಿತ್ರೆ ಬೇರೆ. ಬೆಳ್ಳಿ, ತವರ, ತಾಮ್ರಗಳ ಪುಡಿಗೆ ಹೆಚ್ಚುಕಡಿಮೆ ಸಮತೂಕದ ಪಾದರಸ ಬೆರೆಸಿದ ಅಮಾಲ್ಗಮ್ ಬಹುಕಾಲ ಬಾಳಿತು. ಪಾದರಸದ ಭಯದಿಂದ 2013ರ ಮಿನಮಾಟಾ ಒಪ್ಪಂದವು ಅದರ ಬಳಕೆಯನ್ನು ತಗ್ಗಿಸಬೇಕೆಂದಿತು. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು. 1972ರಲ್ಲಿ ಪ್ರಕಟವಾದ ಗ್ಲಾಸ್ ಅಯನೋಮರ್ ಹಲ್ಲಿಗೆ ರಾಸಾಯನಿಕವಾಗಿ ಬೆಸೆದು ಮೆಲ್ಲಮೆಲ್ಲನೆ ಫ್ಲೋರೈಡನ್ನು ಒಸರುತ್ತದೆ. ನೀಲಿಬೆಳಕಿನಲ್ಲಿ ಗಟ್ಟಿಯಾಗುವ ಕಾಂಪೋಸಿಟ್ ಹಲ್ಲಿನ ಬಣ್ಣವನ್ನೇ ತಾಳುತ್ತದೆ.

ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1986ರಲ್ಲಿ ಮೈಸೂರಿನಲ್ಲಿ ಜೆ.ಎಸ್.ಎಸ್. ದಂತವೈದ್ಯ ಕಾಲೇಜು ಆರಂಭವಾದುದು ಈ ಸೀಮೆಯವರಿಗೆ ದೊಡ್ಡ ಅನುಕೂಲ. ಮಗನ ಒತ್ತಾಯಕ್ಕೆ ಮಣಿದು ಹಿರಿಯರೂ ಮೈಸೂರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದರು. ಮೊದಲ ವಾರ ನಾಲಗೆ ತೊಡರಿತು, ಒಸಡು ನೊಂದಿತು. ಒಂದನೆಯ ತರಗತಿಯ ಮೊಮ್ಮಗನೊಡನೆ ಕುಳಿತು ಅವರು ತ-ಥ-ದ-ಧ-ನ ಎಂದು ತಿದ್ದಿದರು. ಶಿವರಾತ್ರಿಯ ಜಾಗರಣೆಯಂದು ಮುಂದಿನ ಸಾಲಿಗೆ ಬಂದು ಹಾಡಿದರು, ಯಾರೂ ನಗಲಿಲ್ಲ.

ಆದರೂ ಒಂದು ಮಾತನ್ನು ಮರೆಯಲಾಗದು. ಸವೆದ ದಂತಕವಚ ಮತ್ತೆ ಚಿಗುರದು. ಯಾವ ದ್ರವ್ಯವೂ ಹುಟ್ಟುಹಲ್ಲಿಗೆ ಸಮವಲ್ಲ. ಅನ್ನದಾಸೋಹ, ಅಕ್ಷರದಾಸೋಹಗಳನ್ನು ನಡೆಸುವ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ದಂತಪರೀಕ್ಷೆಯೂ ನಡೆದರೆ, ಎರಡು ದಾಸೋಹಗಳೂ ಸಾರ್ಥಕವಾದಾವು.