ನೇರಳೆ ಗೆಣಸಿನ ಬಿಸ್ಕತ್ತು

ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ನನ್ನ ಮಗಳು ಫಿಲಿಪೀನ್ಸ್ ದೇಶದ ಸಹೋದ್ಯೋಗಿನಿಯರ ಸಂಗಡ ವಾಸಿಸುವಳು. ಹಬ್ಬದ ದಿನ ಅವರು ಅವಳಿಗೆ ಕೊಡುವ ನೇರಳೆ ಬಣ್ಣದ ಬಿಸ್ಕತ್ತು ‘ಉಬೆ’ ಎಂಬ ಬಳ್ಳಿಗೆಣಸಿನಿಂದಾದುದು. ಪರದೇಶದಲ್ಲಿ ನನ್ನ ಮಗುವಿಗೆ ಅಕ್ಕರೆಯಿಂದ ಉಣಿಸಿದವರ ತಿಂಡಿಯನ್ನು ಇಬ್ರಾಹಿಂಪುರದ ನಮ್ಮ ಮನೆಯಲ್ಲಿಯೂ ಮಾಡಬೇಕೆಂಬ ಹಂಬಲವು ನನಗುಂಟಾಯಿತು.

ಈ ಗೆಣಸು ನಮಗೆ ತೀರ ಪರಕೀಯವಲ್ಲ. ಗುಜರಾತಿನವರು ಇದನ್ನು ರತಾಳು ಎಂದು ಕರೆದು, ಚಳಿಗಾಲದ ಉಂಧಿಯು ಪಲ್ಯದಲ್ಲಿ ಬೇಯಿಸುವರು. ನಾವು ಹೋಳಿಗೆಗೆ ಬಳಸುವ ಸಿಹಿಗೆಣಸಾದರೋ ಅಮೇರಿಕಾ ಖಂಡದಿಂದ ಬಂದುದು. ಪರದೇಶದ್ದೆಂದು ನಾವೆಣಿಸುವುದು ಏಷ್ಯದ್ದು. ನಮ್ಮದೆಂದು ಎಣಿಸುವುದೇ ದೂರದ್ದು!

ಮಗಳು ತಂದ ಗೆಣಸಿನ ಪುಡಿಯನ್ನು ಅರ್ಧ ಬಟ್ಟಲಷ್ಟು ತೆಗೆದುಕೊಂಡು ಸ್ವಲ್ಪ ಬಿಸಿನೀರಿನಲ್ಲಿ ನೆನೆಸಿದೆನು. 100 ಗ್ರಾಂ ಬೆಣ್ಣೆ, ಮುಕ್ಕಾಲು ಬಟ್ಟಲು ಸಕ್ಕರೆ, ಒಂದು ತತ್ತಿ ಇವುಗಳೊಡನೆ ಕಲಸಿ, ಎರಡು ಬಟ್ಟಲು ಮೈದಾ ಹಾಗೂ ಒಂದು ಚಮಚ ಬೇಕಿಂಗ್ ಪೌಡರ್ ಬೆರೆಸತಕ್ಕದ್ದು. ಒಂದು ತಾಸು ತಂಪಿನಲ್ಲಿಟ್ಟು, ನೆಲ್ಲಿಕಾಯಿ ಗಾತ್ರದ ಉಂಡೆಗಳನ್ನು ಸಕ್ಕರೆ ಪುಡಿಯಲ್ಲಿ ಹೊರಳಿಸಿ, ಓವನ್ನಿನಲ್ಲಿ 180 ಡಿಗ್ರಿ ಶಾಖದಲ್ಲಿ 12 ನಿಮಿಷ ಬೇಯಿಸಿದರೆ, ಬಿಳಿಯ ಮೈ ಬಿರಿದು ನೇರಳೆ ಗೆರೆಗಳು ತೋರುವವು.

ಅಡಿಗೆ ಸೋಡಾ ಮಾತ್ರ ಬೇಡ. ಈ ಬಣ್ಣವು ಕ್ಷಾರ ತಗುಲಿದರೆ ನೀಲಿ ಹಸುರಿಗೂ, ನಿಂಬೆಯ ಹುಳಿ ತಗುಲಿದರೆ ಕೆಂಪಿಗೂ ತಿರುಗುವುದು. ಶಾಲೆಯಲ್ಲಿ ಲಿಟ್ಮಸ್ ಕಾಗದದಿಂದ ಕಲಿತ ಪಾಠವು ಅಡಿಗೆಮನೆಯಲ್ಲಿ ಹೀಗೆ ಕಣ್ಣಿಗೆ ಬೀಳುವುದು.

ಕ್ರಿಸ್ಮಸ್ಸಿನಲ್ಲಿ ಕರ್ಚಿಕಾಯಿಯ ಪಕ್ಕದಲ್ಲಿ ಇದನ್ನೂ ಇಟ್ಟು ನೆರೆಯವರಿಗೆ ಹಂಚಿದೆವು. ಹೆಣ್ಣುಮಕ್ಕಳನ್ನು ದೂರಕ್ಕೆ ಕಳುಹಿಸಿದ ತಾಯಿತಂದೆಗಳೇ, ಅಲ್ಲಿ ಅವರಿಗೆ ಅನ್ನವಿಕ್ಕಿದವರ ಅಡಿಗೆಯನ್ನು ಕಲಿಯುವುದೂ ಕೃತಜ್ಞತೆಯ ಒಂದು ರೀತಿಯಲ್ಲವೇ?